ತಾಡಪತ್ರಿಯ ಹೊರಗೆ ಹತ್ತು ನಿಮಿಷ

ವರ್ಷಕ್ಕೊಂದು ಸಲ ತರಗತಿಯಲ್ಲಿ ನಾನು ಒಂದು ವಾಕ್ಯ ಹೇಳಬೇಕಾಗುತ್ತದೆ. ಗಂಧಕ ಉರಿದಾಗ ಬರುವ ಅನಿಲ ಗಾಳಿಗಿಂತ ಭಾರ, ಅದು ತಳದಲ್ಲಿ ತುಂಬಿಕೊಳ್ಳುತ್ತದೆ. ಹುಡುಗಿಯರು ತಲೆ ತಗ್ಗಿಸಿ ಬರೆದುಕೊಳ್ಳುತ್ತಾರೆ. ಬರೆದು ಮುಗಿಸಿ ಅವರು ತಲೆ ಎತ್ತುವಾಗ ನಾನಿನ್ನೂ ಹಲಗೆಯ ಕಡೆ ಮುಖ ಮಾಡಿಯೇ ನಿಂತಿರುತ್ತೇನೆ. ಮೇಡಂಗೆ ಮುಂದಿನದು ಮರೆತುಹೋಗಿದೆ ಅಂತ ಅವರು ಪಿಸುಗುಡುವುದು ಕೇಳುತ್ತದೆ. ಮರೆತಿರುವುದಿಲ್ಲ.

ವಿಜಯಪುರದ ಒಂದು ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ಏಳು ವರ್ಷದ ಹಿಂದೆ ಇದೇ ಊರಿನ ಇನ್ನೊಂದು ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದೆ. ನಮ್ಮ ಮನೆ ಇಬ್ರಾಹಿಂಪುರದಲ್ಲಿ, ರೈಲುಹಳಿಯ ಹತ್ತಿರ. ಅಬ್ಬಾನಿಗೆ ಸೊಲ್ಲಾಪುರ ರಸ್ತೆಯಲ್ಲಿ ವೆಲ್ಡಿಂಗ್ ಕೆಲಸ. ನನ್ನ ಪಕ್ಕ ಕೂಡುತ್ತಿದ್ದವಳು ತಿಕೋಟಾ ಕಡೆಯ ಹಳ್ಳಿಯವಳು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಇಬ್ಬರ ಅಂಕಗಳೂ ಹೆಚ್ಚುಕಡಿಮೆ ಒಂದೇ, ಇಬ್ಬರೂ ವಿದ್ಯಾರ್ಥಿವೇತನದ ಮೇಲೇ ಓದುವವರು. ವ್ಯತ್ಯಾಸ ಇದ್ದದ್ದು ಬೆರಳುಗಳಲ್ಲಿ. ಅದು ನಮಗೆ ಆ ವರ್ಷ ಗೊತ್ತಾಯಿತು.

ಅವಳೂ ಅವಳ ತಾಯಿಯೂ ದ್ರಾಕ್ಷಿ ಸುಗ್ಗಿಯಲ್ಲಿ ತಿಕೋಟಾದಿಂದ ಬಬಲೇಶ್ವರದ ಕಡೆ ಹೋಗುವ ದಾರಿಯ ಒಂದು ಒಣದ್ರಾಕ್ಷಿ ಶೆಡ್ಡಿಗೆ ದುಡಿಯಲು ಹೋಗುತ್ತಿದ್ದರು. ಕೊಯ್ದು ತಂದ ಗೊಂಚಲುಗಳನ್ನು ಬುಟ್ಟಿಯಲ್ಲಿಟ್ಟು, ಎಣ್ಣೆ ಮತ್ತು ಒಂದು ಬಿಳಿ ಪುಡಿ ಕಲಸಿದ ನೀರಿನಲ್ಲಿ ಅದ್ದಿ, ಸಾಲುಸಾಲು ಬಲೆಗಳ ಮೇಲೆ ಹರಡುವ ಕೆಲಸ. ಬೆಳಗಿನಿಂದ ಸಂಜೆವರೆಗೆ ಕೈ ಆ ನೀರಿನಲ್ಲಿರುತ್ತದೆ. ನೀರು ಹಣ್ಣಿನ ಮೈಮೇಲಿನ ಮೇಣವನ್ನು ಕರಗಿಸುತ್ತದೆ, ಅದಕ್ಕೇ ಹಣ್ಣು ಬೇಗ ಒಣಗುತ್ತದೆ. ಬೆರಳ ತುದಿಯ ಗೆರೆಗಳನ್ನೂ ಅದು ಬಿಡುವುದಿಲ್ಲ. ರಜೆಯ ದಿನಗಳಲ್ಲಿ ಅವಳು ಹೋಗುತ್ತಿದ್ದದ್ದು ಬಸ್ ಪಾಸಿಗೆ, ಪ್ರಯೋಗದ ಪುಸ್ತಕಕ್ಕೆ.

ಮೊದಲ ವರ್ಷದ ವಿದ್ಯಾರ್ಥಿವೇತನದ ಅರ್ಜಿ ಮಳೆಗಾಲದಲ್ಲಿ ಹಾಕಿದ್ದರಿಂದ ಏನೂ ತೊಂದರೆಯಾಗಿರಲಿಲ್ಲ. ಎರಡನೆಯ ವರ್ಷ ಅರ್ಜಿ ತೆರೆಯುವುದೇ ತಡವಾಗಿ, ಸುಗ್ಗಿಯ ನಡುವೆ ಬಂತು. ಸೊಲ್ಲಾಪುರ ರಸ್ತೆಯ ಒಂದು ಕಂಪ್ಯೂಟರ್ ಅಂಗಡಿಗೆ ಇಬ್ಬರೂ ಹೋದೆವು. ಅರ್ಜಿ ಹಾಕಲು ಆಧಾರ್‌ನ ಬೆರಳಚ್ಚು ತಾಳೆಯಾಗಬೇಕಿತ್ತು. ನನ್ನ ಬೆರಳಿಟ್ಟ ಕೂಡಲೇ ಯಂತ್ರ ಕುಂಯ್ ಅಂದು ಹಸಿರಾಯಿತು. ಅವಳದಕ್ಕೆ ಕೆಂಪು ದೀಪ. ಹತ್ತೂ ಬೆರಳು ಇಟ್ಟಳು. ಒರೆಸಿ ಇಟ್ಟಳು, ತಲೆಗೂದಲಿಗೆ ತಿಕ್ಕಿ ಇಟ್ಟಳು. ಯಂತ್ರದ ಪಾಲಿಗೆ ಅಲ್ಲಿ ಯಾರೂ ಇರಲಿಲ್ಲ.

"ಬೆರಳ ಮನ್ಯಾಗ ಬಿಟ್ಟ ಬಂದಿ ಏನ ತಂಗಿ?" ಅಂದ ಅಂಗಡಿಯವ.

"ಶೆಡ್ಡಿನ್ಯಾಗ ಬಿಟ್ಟ ಬಂದೇನ್ರಿ. ಮಣೂಕದ ಜೋಡಿ ಒಣಗಾಕತ್ತಾವು," ಅಂದಳು ಅವಳು. ಮಣೂಕ ಅಂದರೆ ನಮ್ಮ ಕಡೆ ಒಣದ್ರಾಕ್ಷಿ.

ಹೊರಗೆ ಬಂದು ಬಿಸಿಲಿಗೆ ಕೈ ಹಿಡಿದು ತೋರಿಸಿದಳು. ತುದಿಗಳು ಹೊಳೆಯುತ್ತಿದ್ದವು, ಗಾಜಿನ ಗೋಲಿಯ ಹಾಗೆ. "ಕಳವು ಮಾಡಿದ್ರ ನನ್ನ ಯಾವ ಪೊಲೀಸನೂ ಹಿಡಿಯೂದಿಲ್ಲ ಬೇ," ಅಂತ ನಕ್ಕಳು. ನಾನೂ ನಕ್ಕೆ.

ಫೋನಿಗೆ ಬರುವ ಸಂಖ್ಯೆಯಿಂದಲೂ ಗುರುತು ಸಾಬೀತು ಮಾಡಬಹುದಿತ್ತು. ಆದರೆ ಅವಳ ಆಧಾರ್‌ಗೆ ಜೋಡಿಸಿದ್ದು ಮಾವನ ನಂಬರು. ಅವನು ಅದನ್ನು ಬಿಟ್ಟು ಎರಡು ವರ್ಷವಾಗಿತ್ತು. ಆದರೂ ಆ ನಂಬರಿಗೆ ಫೋನ್ ಮಾಡಿ ನೋಡಿದೆವು. ಯಾರೋ ಎತ್ತಿದರು. "ಒಂದ ನಂಬರ್ ಬಂದಿರಬೇಕು ನೋಡ್ರಿ, ಅದನ್ನ ಹೇಳ್ತೀರೇನ್ರಿ," ಅಂತ ಅವಳು ಕೇಳಿದಳು. ಆ ಕಡೆಯವರು ಮಾತಾಡಲಿಲ್ಲ, ಫೋನ್ ಇಡಲೂ ಇಲ್ಲ. ಉಸಿರು ಮಾತ್ರ ಕೇಳುತ್ತಿತ್ತು. ತುಸು ಹೊತ್ತಿನ ಮೇಲೆ ಅವಳೇ ಇಟ್ಟಳು. "ನನ್ನ ಹೆಸರಿಗೆ ಬರೂದೆಲ್ಲಾ ಅವರಿಗೆ ಹೊಂಟೈತಿ," ಅಂದಳು. ಆಗ ಇಬ್ಬರೂ ನಗಲಿಲ್ಲ.

ಉಳಿದಿದ್ದು ಕಣ್ಣು. ದೊಡ್ಡ ಕೇಂದ್ರದಲ್ಲಿ ಕಣ್ಣಿನ ಪಾಪೆಯ ಚಿತ್ರ ತೆಗೆದು ಗುರುತು ಹಚ್ಚುವ ಯಂತ್ರ ಇದೆ, ಅಲ್ಲಿ ನಂಬರ್ ಬದಲಿಸಿಕೊಳ್ಳಬಹುದು ಅಂತ ಅಂಗಡಿಯವ ಹೇಳಿದ. ಅದಕ್ಕೆ ಟೋಕನ್ ಬೇಕು. ನಾನು ಮೂರು ದಿನ ಸಾಲಿನಲ್ಲಿ ನಿಂತು ಟೋಕನ್ ತಂದೆ. ಮರುದಿನ ಮಧ್ಯಾಹ್ನ ಎರಡಕ್ಕೆ. ಅದು ತಪ್ಪಿದರೆ ಮುಂದಿನ ಟೋಕನ್ ಸಿಗುವುದು ಅರ್ಜಿಯ ಕಡೆಯ ದಿನ ಕಳೆದ ಮೇಲೆ. ಅವಳ ತಾಯಿಯ ಫೋನಿಗೆ ಹೇಳಿ ಕಳಿಸಿದೆ: ನಾಳೆ ಹನ್ನೊಂದಕ್ಕೆ ನಾನೇ ಶೆಡ್ಡಿಗೆ ಬರುತ್ತೇನೆ, ತಯಾರಾಗಿರು.

ತಯಾರಾಗಿರು ಅಂದದ್ದು ನಾನೇ.

ತಿಕೋಟಾದಲ್ಲಿ ಬಸ್ಸಿಳಿದು, ಬಬಲೇಶ್ವರದ ಕಡೆ ಹೋಗುವ ಟಂಟಂ ಆಟೋ ಹತ್ತಿ ಶೆಡ್ಡಿನ ಹತ್ತಿರ ಇಳಿದಾಗ ಹನ್ನೊಂದಾಗಲು ಇನ್ನೂ ಹೊತ್ತಿತ್ತು. ಉದ್ದಕ್ಕೆ ತಗಡಿನ ಮಾಡು, ಗೋಡೆಗಳಿಲ್ಲ, ನೆಲದಿಂದ ಮಾಡಿನವರೆಗೆ ಒಂದರ ಮೇಲೊಂದು ಬಲೆ. ಹೆಂಗಸರೆಲ್ಲ ಪಕ್ಕದ ತೋಟಕ್ಕೆ ಕೊಯ್ಲಿಗೆ ಹೋಗಿದ್ದರು, ಅವಳ ತಾಯಿಯೂ ಅವರ ಜೊತೆ. ಶೆಡ್ಡಿನ ಕೊನೆಯ ಅಂಕಣವನ್ನು ಮಾತ್ರ ನಾಲ್ಕೂ ಕಡೆ ನೀಲಿ ಪ್ಲಾಸ್ಟಿಕ್ ತಾಡಪತ್ರಿ ಇಳಿಬಿಟ್ಟು ಮುಚ್ಚಿದ್ದರು. ಅಂಚುಗಳ ಮೇಲೆ ಮರಳಿನ ಚೀಲ ಹೇರಿದ್ದರು. ಆ ದಿಕ್ಕಿನಿಂದ ಆರಿಸಿದ ಬೆಂಕಿಕಡ್ಡಿಯಂಥ ವಾಸನೆ ಬಂದು ಗಂಟಲಿಗೆ ಹತ್ತಿತು.

ಆಳುಗಳ ಮೇಲ್ವಿಚಾರಕನನ್ನು ಅಲ್ಲಿ ಮುಕಾದಮ ಅನ್ನುತ್ತಾರೆ. ಐವತ್ತರ ಮನುಷ್ಯ, ತಲೆಗೆ ಟವೆಲ್ ಸುತ್ತಿಕೊಂಡು ಬೀಡಿ ಸೇದುತ್ತ ನಿಂತಿದ್ದ.

"ಏನ್ರಿ ಅದು?" ಅಂತ ಕೇಳಿದೆ.

"ಗಂಧಕದ ಹೊಗಿ ಕೊಟ್ಟೇವ್ರಿ. ಮಣೂಕಕ್ಕ ಬಂಗಾರದ ಬಣ್ಣ ಬರ್ತೈತಿ. ಸಂಜಿಮಟ ತೆಗಿಯೂದಿಲ್ಲ."

ನಾನು ಬಂದ ಕಾರಣ ಹೇಳಿದೆ. ಅವನು ಶೆಡ್ಡಿನ ಬಾಯಿಯ ಕಡೆ ಕೈ ತೋರಿಸಿದ. "ಅಕಿ ಎಲ್ಲೋ ಹೋಗ್ಯಾಳ್ರಿ. ಚಪ್ಪಲಿ ಇಲ್ಲ ನೋಡ್ರಿ."

ಹಣ್ಣಿನ ಬಲೆಗಳ ನಡುವೆ ಯಾರೂ ಚಪ್ಪಲಿ ಮೆಟ್ಟಿ ಓಡಾಡುವುದಿಲ್ಲ. ಎಲ್ಲರೂ ಶೆಡ್ಡಿನ ಬಾಯಲ್ಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಹೋಗುತ್ತಾರೆ. ಹಾಗಾಗಿ ಹೊಗೆ ಕೊಡುವ ಮೊದಲು ಮುಕಾದಮ ಚಪ್ಪಲಿ ನೋಡುತ್ತಾನೆ. ಒಂದು ಜೊತೆಯಾದರೂ ಇದ್ದರೆ ಕೂಗಿ ಕರೆಯುತ್ತಾನೆ. ಒಂದೂ ಇಲ್ಲದಿದ್ದರೆ ಒಳಗೆ ಯಾರೂ ಇಲ್ಲ. ಎಷ್ಟೋ ಸುಗ್ಗಿಗಳಿಂದ ಹೀಗೇ ನಡೆದಿತ್ತು, ಒಮ್ಮೆಯೂ ತಪ್ಪಿರಲಿಲ್ಲ.

"ಮಧ್ಯಾಹ್ನ ಎರಡಕ್ಕ ಟೋಕನ್ ಐತ್ರಿ. ಇವತ್ತ ತಪ್ಪಿತಂದ್ರ ಅಕಿ ಸ್ಕಾಲರ್‌ಶಿಪ್ ಹೋತು," ಅಂತ ನಾನು ಗಟ್ಟಿಯಾಗಿಯೇ ಅಂದೆ. ಸಿಟ್ಟು ಬಂದಿತ್ತು.

"ಕುಂದರ್ರಿ, ಬರ್ತಾಳ. ಕಲ್ತ ಹುಡುಗ್ಯಾರ ಬರೂದ ತಡಾನ," ಅಂದ. ಒಂದು ಕ್ರೇಟ್ ಬೋರಲು ಹಾಕಿ ನೀರಿನ ತೊಟ್ಟಿಯ ಮುಂದೆ ಇಟ್ಟ. ನಾನು ತೊಟ್ಟಿಗೆ ಬೆನ್ನು ಮಾಡಿ, ನೀಲಿ ತಾಡಪತ್ರಿಯನ್ನು ನೋಡುತ್ತ ಕೂತೆ.

ಅಲ್ಲಿ ಕೂತ ಹತ್ತು ನಿಮಿಷದಲ್ಲಿ ನಾನು ಏನು ನೋಡಿದೆ ಎಂಬುದನ್ನು ಎಷ್ಟು ಸಲ ಬಿಚ್ಚಿ ನೋಡಿದ್ದೇನೋ. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಪರೀಕ್ಷೆಯ ಕೋಣೆಯಲ್ಲಿ ಮೇಲ್ವಿಚಾರಣೆಗೆ ನಿಂತಾಗ. ಹಕ್ಕಿಗಳು ಶೆಡ್ಡಿನ ಆಚೆ ತುದಿಯಲ್ಲಿ ಗಲಾಟೆ ಮಾಡುತ್ತಿದ್ದವು, ಈಚೆ ತುದಿಯಲ್ಲಿ ಒಂದೂ ಇರಲಿಲ್ಲ. ತಾಡಪತ್ರಿ ಮೇಲ್ಗಡೆ, ಆಳೆತ್ತರಕ್ಕಿಂತಲೂ ಮೇಲೆ, ಒಳಗಿನಿಂದ ಉಬ್ಬಿತು. ಇಳಿಯಿತು. ಮತ್ತೆ ಉಬ್ಬಿತು. ಗಾಳಿ ಅಂದುಕೊಂಡೆ. ಗಾಳಿ ಇರಲಿಲ್ಲ. ಮುಕಾದಮನ ಬೀಡಿಯ ಹೊಗೆ ನೆಟ್ಟಗೆ ಮೇಲೇರುತ್ತಿದ್ದದ್ದು ಈಗಲೂ ನನ್ನ ಕಣ್ಣಲ್ಲಿದೆ. ಆಮೇಲೆ ಪಾರಿವಾಳ ಸಿಕ್ಕಿಕೊಂಡಿರಬೇಕು ಅಂದುಕೊಂಡೆ. ಪಾಪ ಅಂತಲೂ ಅಂದುಕೊಂಡೆ. ಎದ್ದು ಹೋಗಿ ಹೇಳಬೇಕು ಅನಿಸಲಿಲ್ಲ. ಕೈಗಡಿಯಾರ ನೋಡಿಕೊಂಡೆ.

ಬಾಯಾರಿತ್ತು, ನೀರು ಕುಡಿಯಲು ತೊಟ್ಟಿಯ ಕಡೆ ತಿರುಗಿದೆ. ತೊಟ್ಟಿಯ ಕಟ್ಟೆಯ ಮೇಲೆ ಒಂದು ಜೊತೆ ಚಪ್ಪಲಿ ಬಿಸಿಲಿಗೆ ಆನಿಸಿಟ್ಟಿತ್ತು. ತೊಳೆದು ಇಟ್ಟಿದ್ದರು, ಇನ್ನೂ ಹಸಿಯಾಗಿದ್ದವು. ಎಡಗಾಲಿನ ಪಟ್ಟಿಗೆ ನೀಲಿ ದಾರದ ಹೊಲಿಗೆ. ಅದು ನಮ್ಮ ಕಾಲೇಜಿನ ಗೇಟಿನ ಮುಂದೆ ಕೂಡುವ ಮುದುಕ ಹಾಕಿದ ಹೊಲಿಗೆ, ನನ್ನ ಎದುರಿಗೇ ಹಾಕಿದ್ದ.

ಚಪ್ಪಲಿ ಕೈಯಲ್ಲಿ ಹಿಡಿದು ಮುಕಾದಮನ ಹತ್ತಿರ ಹೋದೆ. "ಅಕಿ ಚಪ್ಪಲಿ ಇಲ್ಲೇ ಅದಾವಲ್ರಿ," ಅಂದೆ. ನನಗೆ ಇನ್ನೂ ಏನೂ ಹೊಳೆದಿರಲಿಲ್ಲ. ಅವನಿಗೆ ಹೊಳೆಯಿತು. ಅವನ ಮುಖ ಹೇಗಾಯಿತು ಎಂಬುದನ್ನು ನಾನು ಬರೆಯಲಾರೆ. ಬೀಡಿ ಬಾಯಲ್ಲೇ ಇತ್ತು, ತುಟಿ ಮಾತ್ರ ಸಡಿಲಾಗಿತ್ತು. "ಯಪ್ಪಾ," ಅಂದ ಮೆಲ್ಲಗೆ. ಆಮೇಲೆ ಓಡಿದ.

ಮರಳಿನ ಚೀಲ ಒದ್ದು, ಹಗ್ಗ ಕುಡುಗೋಲಿನಿಂದ ಹರಿದು ತಾಡಪತ್ರಿ ಎತ್ತಿದಾಗ ಕೆಳಗಿನಿಂದ ಹೊಗೆ ನೀರಿನ ಹಾಗೆ ನಮ್ಮ ಕಾಲಿಗೆ ಹರಿದು ಬಂತು. ನೆಲದ ಮೇಲೆ ಯಾರೂ ಇರಲಿಲ್ಲ. ಮುಕಾದಮ ಟವೆಲಿನಿಂದ ಮೂಗು ಮುಚ್ಚಿಕೊಂಡು ಬಾಗಿ ಹುಡುಕುತ್ತಿದ್ದ. ನಾನು ಮೇಲೆ ನೋಡಿದೆ. ಮಾಡಿನ ಕೆಳಗಿನ ಕೊನೆಯ ಬಲೆಯ ಮೇಲೆ, ಒಣಗಿದ ಹಣ್ಣಿನ ನಡುವೆ ಅವಳು ಬೋರಲಾಗಿ ಮಲಗಿದ್ದಳು. ಹೊಸ ಚೂಡಿದಾರದ ಒಂದು ತೋಳು ಹಾಕಿಕೊಂಡಿದ್ದಳು, ಇನ್ನೊಂದು ತೋಳು ಬಲೆಯಿಂದ ಕೆಳಗೆ ಜೋತಾಡುತ್ತಿತ್ತು. ಒಂದು ಕೈ ಇನ್ನೂ ತಾಡಪತ್ರಿಯನ್ನು ಬಡಿಯುತ್ತಿತ್ತು. ತಾಡಪತ್ರಿ ಅಲ್ಲಿಂದ ಸರಿದುಹೋಗಿತ್ತು. ಅವಳ ಕೈ ಬರೀ ಗಾಳಿಯನ್ನು ಬಡಿಯುತ್ತಿತ್ತು, ಅದೇ ಲಯದಲ್ಲಿ.

ನಡೆದದ್ದು ಇಷ್ಟು. ಪಟ್ಟಣಕ್ಕೆ ಹೋಗಬೇಕೆಂದು ಚಪ್ಪಲಿ ತೊಳೆದು ತೊಟ್ಟಿಯ ಮೇಲೆ ಒಣಗಲು ಇಟ್ಟು, ಬಟ್ಟೆ ಬದಲಿಸಲು ಕೊನೆಯ ಅಂಕಣದ ಬಲೆಗಳ ಹಿಂದಕ್ಕೆ ಹೋಗಿದ್ದಳು. ಅಲ್ಲಿನ ಹೆಂಗಸರಿಗೆ ಮರೆ ಅಂತ ಇದ್ದದ್ದು ಅದೊಂದೇ. ಗಂಡಸರು ಬಂದು ತಾಡಪತ್ರಿ ಇಳಿಸತೊಡಗಿದಾಗ ಅರ್ಧ ಬಟ್ಟೆಯಲ್ಲಿದ್ದಳು. ಅವರು ಹೋದ ಮೇಲೆ ಹೊರಗೆ ಬಂದರಾಯಿತು ಅಂತ ಸುಮ್ಮನೆ ಕೂತಳು. ಅಂದು ಆ ಅಂಕಣಕ್ಕೇ ಹೊಗೆ ಎಂದು ಅವಳಿಗೆ ಗೊತ್ತಿರಲಿಲ್ಲ. ಹೊರಗಿನ ಸಂದಿನಿಂದ ಉರಿಯುವ ಗಂಧಕದ ತಟ್ಟೆ ತಳ್ಳಿದರು. ಕೂಗಬೇಕು ಅನಿಸಿದಾಗ ಗಂಟಲು ಕೆಲಸ ಮಾಡಲಿಲ್ಲ. ಆಗ ತರಗತಿಯ ಆ ವಾಕ್ಯ ನೆನಪಾಗಿ ಮೇಲೆ ಹತ್ತಿದಳು. ನೆಲದ ಮೇಲೆ ಉಳಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಹಣ್ಣಿನ ಪಿಕಪ್ ಗಾಡಿಯಲ್ಲಿ ಹಾಕಿಕೊಂಡು ಮೊದಲು ತಿಕೋಟಾಕ್ಕೆ, ಅಲ್ಲಿಂದ ವಿಜಯಪುರಕ್ಕೆ. ಆಸ್ಪತ್ರೆಯ ಗೋಡೆಯ ಮೇಲಿನ ಗಡಿಯಾರದಲ್ಲಿ ಎರಡಾದದ್ದನ್ನು ನೋಡಿದೆ. ಟೋಕನ್ ನನ್ನ ಕೈಯಲ್ಲೇ ಇತ್ತು. ಅದೇ ಹೊತ್ತಿಗೆ ಡಾಕ್ಟರು ಅವಳ ಎರಡೂ ಕಣ್ಣಿಗೆ ಪಟ್ಟಿ ಕಟ್ಟುತ್ತಿದ್ದರು.

ಪಟ್ಟಿ ಬಿಚ್ಚಲು ಹತ್ತು ದಿನ ಹಿಡಿಯಿತು. ಬಿಚ್ಚಿದ ಮೇಲೂ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಕಾಲೇಜಿನ ಗುಮಾಸ್ತರ ಮುಂದೆ ನಿಂತು ದಿನ ಮುಂದೆ ಹಾಕಲು ಆಗುತ್ತದೆಯೇ ಅಂತ ಕೇಳಿದ್ದೆ. ಒಳ್ಳೆಯ ಮನುಷ್ಯ. "ನನ್ನ ಕೈಯಾಗ ಏನೂ ಇಲ್ಲವ್ವಾ. ಅದು ತಾನ ತೆರಿತೈತಿ, ತಾನ ಮುಚ್ಚತೈತಿ," ಅಂದರು. ಕಡೆಯ ದಿನ ಸಂಜೆ ಕಚೇರಿ ಮುಚ್ಚುವವರೆಗೆ ಅವರ ಪಕ್ಕದ ಸ್ಟೂಲಿನ ಮೇಲೆ ಕೂತು ಪರದೆ ನೋಡಿದೆ. ಪಟ್ಟಿಯಲ್ಲಿ ನನ್ನ ಹೆಸರು, ಅದರ ಕೆಳಗೆ ಅವಳ ಹೆಸರು. ನನ್ನದರ ಮುಂದೆ ಸ್ವೀಕೃತ ಅಂತಿತ್ತು. ಅವಳದರ ಮುಂದೆ ಗುರುತು ಸಿಕ್ಕಿಲ್ಲ ಅಂತಿತ್ತು.

ಆ ಸೆಮಿಸ್ಟರಿನ ಪರೀಕ್ಷೆಗೆ ಅವಳು ಕೂಡಲಿಲ್ಲ. ವಿದ್ಯಾರ್ಥಿವೇತನ ಬಂದಿದ್ದರೆ ಕಣ್ಣು ವಾಸಿಯಾದ ಮೇಲೆ ಮುಂದಿನ ಸಲ ಕೂಡುತ್ತಿದ್ದಳು. ಬರದಿದ್ದಾಗ ತಾಯಿ, ಒಂದು ವರ್ಷ ಮನೆಯಲ್ಲಿರು ಅಂದಳು. ಆ ಒಂದು ವರ್ಷದಲ್ಲಿ ಮದುವೆ ಗೊತ್ತಾಯಿತು. ನನ್ನ ವಿದ್ಯಾರ್ಥಿವೇತನ ಆ ವರ್ಷವೂ ಬಂತು, ಮುಂದಿನ ವರ್ಷವೂ ಬಂತು. ನಾನು ಬಿ.ಎಸ್ಸಿ. ಮುಗಿಸಿದೆ, ಎಂ.ಎಸ್ಸಿ. ಮಾಡಿದೆ, ಹಲಗೆಯ ಮುಂದೆ ನಿಂತೆ. ನನಗಿಂತ ಅವಳಿಗೆ ಲೆಕ್ಕ ಚೆನ್ನಾಗಿ ಬರುತ್ತಿತ್ತು. ಈಗ ನನ್ನ ವಿದ್ಯಾರ್ಥಿನಿಯರಲ್ಲೂ ಇದನ್ನೇ ನೋಡುತ್ತೇನೆ. ನೆರವು ಹೊತ್ತಿಗೆ ಸಿಕ್ಕವರು ಎರಡು ಮೂರು ವರ್ಷದ ಮೇಲೆ ಒಂದು ಕಡೆ ಇರುತ್ತಾರೆ, ಸಿಗದವರು ಬೇರೆಯೇ ಕಡೆ. ಇಬ್ಬರ ನಡುವೆ ದೊಡ್ಡ ಕಾರಣವೇನೂ ಇರುವುದಿಲ್ಲ. ಒಂದು ತಪ್ಪು ನಂಬರು, ಒಂದು ನುಣುಪಾದ ಬೆರಳು. ದ್ರಾಕ್ಷಿ ಸುಗ್ಗಿ ಬಂದರೆ ತಿಕೋಟಾ, ಬಬಲೇಶ್ವರದ ಕಡೆಯಿಂದ ಬರುವ ಹುಡುಗಿಯರ ಕೈ ಹಿಡಿದು ಬೆರಳ ತುದಿ ನೋಡುತ್ತೇನೆ. ಮೇಡಂ ಕೈ ನೋಡಿ ಭವಿಷ್ಯ ಹೇಳತಾರ ಅಂತ ಅವರು ಚೇಷ್ಟೆ ಮಾಡುತ್ತಾರೆ. ಮಾಡಲಿ.

ಅವಳು ಈಗ ಇಬ್ರಾಹಿಂಪುರದಲ್ಲೇ ಇದ್ದಾಳೆ, ನಮ್ಮ ಮನೆಯಿಂದ ಎರಡು ಓಣಿ ಆಚೆ. ಗಂಡ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾನೆ. ಅವಳ ದನಿ ಒಡೆದೇ ಉಳಿಯಿತು. ಚಳಿಗಾಲದಲ್ಲಿ ಮಾತಾಡಿದರೆ ಬೇರೆ ಯಾರೋ ಒಳಗಿನಿಂದ ಮಾತಾಡಿದ ಹಾಗೆ ಕೇಳುತ್ತದೆ. ಅವಳ ಮನೆಗೆ ಹೋಗುತ್ತೇನೆ, ಚಹಾ ಕುಡಿಯುತ್ತೇನೆ, ಅವಳ ಮಗಳ ಅಭ್ಯಾಸದ ಸುದ್ದಿ ಮಾತಾಡುತ್ತೇನೆ. ಆ ಹತ್ತು ನಿಮಿಷದ ಬಗ್ಗೆ ಏಳು ವರ್ಷ ಏನೂ ಹೇಳಿರಲಿಲ್ಲ.

ಮೊನ್ನೆ ಹೋದದ್ದು ಒಂದು ಫಾರ್ಮ್ ಹಿಡಿದುಕೊಂಡು. ಅರ್ಧಕ್ಕೆ ಬಿಟ್ಟ ಹಳೆಯ ವಿದ್ಯಾರ್ಥಿಗಳು ಉಳಿದ ಪತ್ರಿಕೆಗಳನ್ನು ಬರೆದು ಪದವಿ ಮುಗಿಸಲು ವಿಶ್ವವಿದ್ಯಾಲಯದವರು ಕಡೆಯ ಅವಕಾಶ ಕೊಟ್ಟಿದ್ದರು. ಇದೊಂದು ಸಲ, ಇನ್ನು ಮುಂದೆ ಇಲ್ಲ. ಫಾರ್ಮ್ ಅವಳ ಮುಂದಿಟ್ಟೆ. ಅವಳು ಮುಟ್ಟಲಿಲ್ಲ.

"ಈಗ್ಯಾಕ ಬೇ? ನನಗ ಸೂತ್ರನೂ ನೆನಪಿಲ್ಲ, ಏನೂ ನೆನಪಿಲ್ಲ."

ಆಗ ನನಗೆ ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ನಾನು ಹೊರಗೆ ಕೂತಿದ್ದೆ, ತಾಡಪತ್ರಿ ಉಬ್ಬುವುದನ್ನು ನೋಡಿದೆ, ಗಾಳಿ ಅಂದುಕೊಂಡೆ, ಆಮೇಲೆ ಪಾರಿವಾಳ ಅಂದುಕೊಂಡೆ, ಏಳಲಿಲ್ಲ.

ಅವಳು ಮಗಳ ಜಡೆ ಹಾಕುತ್ತಿದ್ದಳು. ಜಡೆ ಮುಗಿಸಿ, ರಿಬ್ಬನ್ ಕಟ್ಟಿ, ಅವಳನ್ನು ಹೊರಗೆ ಆಡಲು ಕಳಿಸಿದಳು.

"ನಿನ್ನ ದನಿ ಕೇಳ್ತಿತ್ತು," ಅಂದಳು. "ಇವತ್ತ ತಪ್ಪಿದ್ರ ಅಕಿ ಸ್ಕಾಲರ್‌ಶಿಪ್ ಹೋತು ಅಂತ ನೀ ಅಂದಿ ನೋಡು, ಅದು ಕೇಳಿತು. ಅಲ್ಲೀಮಟ ನಾ ಮ್ಯಾಲ ಹತ್ತಿ ಸುಮ್ನ ಮಲಗಿದ್ದೆ. ನಿದ್ದಿ ಬಂದಂಗ ಆಗಿತ್ತು. ಛಂದ ಅನಸಾಕತ್ತಿತ್ತು, ಖರೇನ. ನಿನ್ನ ಮಾತ ಕೇಳಿ, ಅಯ್ಯ ಇಕಿ ಬಂದಾಳ, ಟೋಕನ್ ತಪ್ಪತೈತಿ ಅಂತ ಬಡ್ಯಾಕ ಚಾಲೂ ಮಾಡಿದೆ."

"ನಾ ಮಾತಾಡೂಕಿಂತ ಮದಲ ಬಡದಿಲ್ಲೇನು?"

"ಇಲ್ಲ. ಕೈ ಎತ್ತಾಕ ಆಗತಿರಲಿಲ್ಲ."

ಹೇಳಬಾರದು ಅನಿಸಿತು. ಟಂಟಂ ಇಳಿದು ಶೆಡ್ಡಿನ ಕಡೆ ನಡೆದು ಬರುವಾಗಲೇ, ಮುಕಾದಮನ ಜೊತೆ ಒಂದು ಮಾತೂ ಆಡುವ ಮೊದಲೇ, ನೀಲಿ ತಾಡಪತ್ರಿಯ ಮೇಲ್ತುದಿ ಒಮ್ಮೆ ಉಬ್ಬಿ ಇಳಿದದ್ದನ್ನು ನಾನು ನೋಡಿದ್ದೇನೆ. ಅಥವಾ ನೋಡಿದೆ ಅಂತ ಏಳು ವರ್ಷದಲ್ಲಿ ನಾನೇ ಕಟ್ಟಿಕೊಂಡಿದ್ದೇನೆ. ನನಗೆ ಗೊತ್ತಿಲ್ಲ. ಅವಳು ನನ್ನ ಮೇಲಿನ ಕನಿಕರದಿಂದ ಹಾಗೆ ಹೇಳಿದಳೋ ಅದೂ ಗೊತ್ತಿಲ್ಲ. ಅವಳ ಮುಖದಲ್ಲಿ ಕನಿಕರವೇನೂ ಕಾಣಲಿಲ್ಲ. ಚಹಾ ತಣ್ಣಗಾಯಿತು ನೋಡು ಅಂದಳು.

ಆಮೇಲೆ ಫಾರ್ಮ್ ಎಳೆದುಕೊಂಡಳು. ಕಣ್ಣಿನ ಹತ್ತಿರ ಹಿಡಿದು ಓದಿದಳು, ಪೂರ್ತಿ ಓದಿದಳು, ಹಿಂದಿನ ಪುಟ ಕೂಡ.

"ಪ್ರಾಕ್ಟಿಕಲ್ ಅದಾವೇನು?"

"ಎರಡ ಅದಾವ."

"ಹೊಗಿ ಬರೂದು?"

"ಒಂದರಾಗ ಬರ್ತೈತಿ. ಗಾಜಿನ ಕಪಾಟಿನ್ಯಾಗ ಮಾಡೂದು, ಹೊಗಿ ಹೊರಗ ಎಳಿಯೂ ಫ್ಯಾನ್ ಇರ್ತೈತಿ. ಬಾಗಲಾ ತೆರದ ಇರ್ತಾವ. ನಾ ಹೊರಗ ಬಾಗಲದಾಗ ನಿಂತಿರ್ತೇನಿ."

ಅವಳು ತಲೆ ಅಲ್ಲಾಡಿಸಿದಳು. "ಹೊರಗ ನಿಂದ್ರಬ್ಯಾಡ. ನಿಂದ್ರೂದಿದ್ರ ಒಳಗ ಬಂದು ನನ್ನ ಬಾಜೂಕ ನಿಂದ್ರು."

ಹೂಂ ಅಂದೆ. ಅವಳು ಪೆನ್ನು ಕೇಳಿದಳು.